ಸೀಮೆಎಣ್ಣೆ ಕೇಳಿದ ಅಕ್ಕ

"ಮೊದಲು ಏನು ಬೇಕು ಅಂತ ಕೇಳಿ. ಕೊಡೋಕಾದ್ರೆ ಕೊಡಿ. ಆಗದಿದ್ರೆ ಬಾಯ್ಮುಚ್ಚಿಕೊಂಡು ಪಕ್ಕದಲ್ಲಿ ಕೂತ್ಕೊಳ್ಳಿ."

ಬೆಳಗಿನಿಂದ ಇದನ್ನೇ ಹೇಳಿ ಹೇಳಿ ತರಬೇತಿ ಕೊಡುತ್ತಿದ್ದ ಮೇಡಮ್ಮಿನ ಗಂಟಲು ಕಟ್ಟಿಹೋಗಿತ್ತು. ಎದುರಿಗೆ ಕೂತವರೇನು ಸಣ್ಣ ಮಕ್ಕಳಲ್ಲ. ಮನೋವೈದ್ಯರು, ಆಪ್ತಸಮಾಲೋಚಕರು; ಮರುದಿನ ಬೆಳಿಗ್ಗೆ ಬಸ್ಸು ಹತ್ತಿ, ಹೊಳೆ ನುಗ್ಗಿ ಹಾಳಾದ ಊರಿಗೆ ಹೋಗಿ ಅಲ್ಲಿಯ ಜನರಿಗೆ ಆಸರೆಯಾಗಬೇಕಾದವರು. ಆದರೆ ಅಭ್ಯಾಸಕ್ಕೆಂದು ಇಬ್ಬರನ್ನು ಎದುರುಬದುರು ಕೂರಿಸಿದರೆ ಸಾಕು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ದನಿಯನ್ನು ಜೇನಿನಲ್ಲಿ ಅದ್ದಿ, "ನಿಮಗೀಗ ಹೇಗನ್ನಿಸ್ತಾ ಇದೆ?" ಎನ್ನುತ್ತಿದ್ದರು. ಮನೆ ಕೊಚ್ಚಿಹೋದವರಿಗೆ ಹೇಗನ್ನಿಸುತ್ತದೆ, ಮಣ್ಣು!

ಇವರಲ್ಲೆಲ್ಲ ಹಿರಿಯರು ಒಬ್ಬ ದೊಡ್ಡ ಡಾಕ್ಟರು. ಸ್ವಂತ ಕ್ಲಿನಿಕ್ಕು, ಸ್ವಂತ ಅಭಿಪ್ರಾಯ, ಎರಡೂ ಭಾರಿಯೇ. ಮೇಡಂ ಏನು ಹೇಳಿದರೂ "ನನ್ನ ಅನುಭವದಲ್ಲಿ..." ಎಂದು ರಾಗ ತೆಗೆಯುತ್ತಿದ್ದರು. ಇದು ಸಾಲದೆಂಬಂತೆ, ಸಂತ್ರಸ್ತೆಯ ಪಾತ್ರ ಮಾಡಲು ಬರಬೇಕಿದ್ದ ನಾಟಕದ ಕಲಾವಿದೆ ಮಧ್ಯಾಹ್ನವಾದರೂ ಪತ್ತೆಯಿಲ್ಲ.

ಮೇಡಮ್ಮಿನ ಸಿಡಿಮಿಡಿಗೆ ಇಷ್ಟೇ ಕಾರಣವಲ್ಲ. ಅವರ ಜೀವವೆಲ್ಲ ಹೊರಗೆ ವರಾಂಡದ ಬೆಂಚಿನ ಮೇಲಿತ್ತು. ಅಲ್ಲಿ ಅವರ ಅಕ್ಕ ಕೂತಿದ್ದಳು. ಅದೇ ಹೊಳೆ ಅಕ್ಕನ ಮನೆಗೂ ನುಗ್ಗಿತ್ತು. ಟೈಲರಿಂಗ್ ಮಾಡಿಕೊಂಡಿದ್ದ ಒಂಟಿ ಜೀವ. ಉಟ್ಟ ಬಟ್ಟೆಯಲ್ಲಿ ತಂಗಿಯ ಮನೆ ಸೇರಿದ್ದಳು. ಬಂದಾಗಿನಿಂದ ಒಂದು ಹನಿ ಕಣ್ಣೀರಿಲ್ಲ. ಮಾತು ಹೊರಡಿಸಲು ತಂಗಿ ಪಕ್ಕ ಕೂತರೆ, ಎದ್ದು ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಮನೆ ನೋಡಿಕೊಂಡು ಬರುತ್ತೇನೆ ಎಂದಿದ್ದಕ್ಕೆ, ಈಗಲೇ ಬೇಡ, ನೊಂದುಕೊಳ್ಳುತ್ತೀಯ ಎಂದು ತಂಗಿಯೇ ತಡೆದಿದ್ದರು. ಆಮೇಲೆ ಅಕ್ಕ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು ಮಾತು, ಅದೂ ಮೊನ್ನೆ: "ಪುಟ್ಟೀ, ಇಲ್ಲೆಲ್ಲಾದ್ರೂ ಸೀಮೆಎಣ್ಣೆ ಸಿಗುತ್ತಾ?"

ಮೈಮೇಲೆ ಸುರಿದುಕೊಳ್ಳಲೇನೋ ಎಂಬ ಅನುಮಾನ ಪುಟ್ಟಿಗೆ ಬಂತು. ಇಂಥ ಅನುಮಾನ ಬಂದರೆ ಸುತ್ತಿಬಳಸದೆ ನೇರವಾಗಿ ಕೇಳಿಬಿಡಬೇಕೆಂದು ಊರಿಗೆಲ್ಲ ಪಾಠ ಹೇಳುವವರು ಅವರು. ಒಡಹುಟ್ಟಿದವಳನ್ನು ಕೇಳಲು ಮಾತ್ರ ನಾಲಿಗೆ ಏಳಲಿಲ್ಲ. ಹೌದು ಎಂದುಬಿಟ್ಟರೆ? ಸಿಗಲ್ಲ ಎಂದು ಮಾತು ಹಾರಿಸಿ, ಬೆಂಕಿಪೊಟ್ಟಣ, ಲೈಟರು, ಚಾಕು, ನಿದ್ದೆ ಮಾತ್ರೆ ಎಲ್ಲವನ್ನೂ ಬೀರುವಿಗೆ ತುರುಕಿ ಬೀಗ ಜಡಿದರು. ಒಲೆ ಹಚ್ಚುವಾಗಷ್ಟೇ ತೆಗೆದು, ಕೂಡಲೇ ಒಳಗಿಡುತ್ತಿದ್ದರು. ಇವತ್ತು ಒಬ್ಬಳನ್ನೇ ಬಿಟ್ಟುಬರಲು ಹೆದರಿ ಇಲ್ಲಿಗೂ ಕರೆತಂದಿದ್ದರು.

ಊಟವಾದ ಮೇಲೆ ಬಸ್ಸಿನವನ ಫೋನು ಬಂತು. ಆಫೀಸಿನಲ್ಲಿ ನಿಂತು ಅವನ ಜೊತೆ ಜಗಳವಾಡಿ ಬಂದು ನೋಡಿದರೆ ಬೆಂಚು ಖಾಲಿ. ಮೇಡಂ ಏದುಸಿರು ಬಿಡುತ್ತಾ ತರಬೇತಿ ಹಾಲಿನ ಬಾಗಿಲಿಗೆ ಬಂದರು. ಅಕ್ಕ ಸಂತ್ರಸ್ತೆಯ ಕುರ್ಚಿಯಲ್ಲಿ ಕೂತಿದ್ದಳು. ಪಾಪ, ನಾಟಕದವರು ಬಂದು ಬೆಳಗಿನಿಂದ ಹೊರಗೇ ಕಾಯುತ್ತಿದ್ದಾರೆ ಎಂದುಕೊಂಡು ಈ ಮಹಾಶಯರು ಅವಳನ್ನು ಕರೆದು ಕೂರಿಸಿಬಿಟ್ಟಿದ್ದರು.

ದೊಡ್ಡ ಡಾಕ್ಟರು ಆಗಲೇ ತಲೆ ವಾಲಿಸಿದ್ದರು. ಹೇಗನ್ನಿಸುತ್ತಿದೆ ಎಂದು ಕೇಳಿದರು. ಕಣ್ಣು ಮುಚ್ಚಿ ಆ ರಾತ್ರಿಯನ್ನು ನೆನಪಿಸಿಕೊಳ್ಳಿ ಎಂದರು. ಅಕ್ಕ ಅವರ ಅಂಗಿಯಲ್ಲಿ ಬೀಳುವಂತಿದ್ದ ಗುಂಡಿಯನ್ನೇ ನೋಡುತ್ತಿದ್ದಳು. ಸಾಕು ನಿಲ್ಲಿಸಿ ಎಂದು ಮೇಡಂ ಬಾಯಿ ತೆರೆಯುವಷ್ಟರಲ್ಲಿ, ಬೆಳಗಿನಿಂದ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಶಾಲೆಯ ಸಮಾಲೋಚಕಿ, ಪಾಠ ಒಪ್ಪಿಸುವವಳ ಹಾಗೆ, ನಿಮಗೆ ಏನಾದರೂ ಬೇಕಾ ಎಂದು ಕೇಳಿದಳು.

"ಸೀಮೆಎಣ್ಣೆ ಬೇಕು," ಎಂದಳು ಅಕ್ಕ.

ದೊಡ್ಡ ಡಾಕ್ಟರು ಪಕ್ಕದವರ ಕಿವಿಯಲ್ಲಿ, ಅಪಾಯದ ಲಕ್ಷಣ ಎಂದರು. ಮೇಡಂ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಯಾಕೆ?" ಎಂದಳು ಸಮಾಲೋಚಕಿ. "ಸಾಯೋ ಯೋಚನೆ ಏನಾದ್ರೂ ಇದೆಯಾ?"

ಅಕ್ಕ ಮೊದಲ ಸಲ ಎದುರಿನವರ ಮುಖ ನೋಡಿದಳು. "ಸಾಯೋಕಲ್ಲಮ್ಮ, ಹೊಲಿಗೆ ಮೆಷಿನ್ನಿಗೆ. ಒಳಗೆಲ್ಲ ಕೆಸರು ತುಂಬಿರುತ್ತೆ. ತುಕ್ಕು ತಿನ್ನೋದ್ರೊಳಗೆ ಬಿಚ್ಚಿ, ಸೀಮೆಎಣ್ಣೆ ಹಾಕಿ ತೊಳೆದ್ರೆ ಉಳಿಯುತ್ತೆ. ಇಲ್ದಿದ್ರೆ ಗುಜರಿಗೇ ಗತಿ. ಅದೂ ಹೋದ್ರೆ ನಾನು ಜೀವನ ಪೂರ್ತಿ ಯಾರದ್ದೋ ಮನೇಲಿ ಪಾತ್ರೆ ತೊಳ್ಕೊಂಡು ಕೂರ್ಬೇಕಾ? ತಂಗೀನ ಕೇಳ್ದೆ. ಅವಳು ಬೆಂಕಿಪೊಟ್ಟಣ ಬಚ್ಚಿಟ್ಟಳು. ದಿನಾ ಪಕ್ಕ ಕೂತು ಹೇಗನ್ನಿಸ್ತಿದೆ, ಹೇಗನ್ನಿಸ್ತಿದೆ ಅಂತ ತಲೆ ತಿಂತಾಳೆ. ಏನು ಬೇಕು ಅಂತ ಒಂದಿನ ಕೇಳಲಿಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು. ದೊಡ್ಡ ಡಾಕ್ಟರು ಮಾತ್ರ ನಗಲಿಲ್ಲ. ಅಭಿನಯ ಪರವಾಗಿಲ್ಲ, ಆದರೆ ಸಹಜವಾಗಿಲ್ಲ, ಸರ್ವಸ್ವ ಕಳೆದುಕೊಂಡವರು ಮೆಷಿನ್ನಿನ ಚಿಂತೆ ಮಾಡುವುದಿಲ್ಲ, ತಮ್ಮ ಅನುಭವದಲ್ಲಿ ಅವರು ಅಳುತ್ತಾರೆ ಎಂದು ತೀರ್ಪು ಕೊಟ್ಟರು.

"ಅವಳು ನಾಟಕದವಳಲ್ಲ," ಎಂದರು ಮೇಡಂ ಬಾಗಿಲಿನಿಂದ. "ನನ್ನ ಅಕ್ಕ."

ಬೆಳಗಿನಿಂದ ಇವರ ಮೇಲೆ ಕಾರಿದ ಸಿಟ್ಟೆಲ್ಲ ತಿರುಗಿ ಬಂದು ಮೇಡಮ್ಮಿನ ಮೇಲೆಯೇ ಬಿದ್ದಿತ್ತು. ನಾಚಿಕೆಯಿಂದ ಮುಖ ಸುಡುತ್ತಿತ್ತು. ಆದರೂ ಅಕ್ಕ ಬದುಕುವ ದಾರಿ ಹುಡುಕುತ್ತಿದ್ದಾಳೆಂದು ತಿಳಿದು ಸಮಾಧಾನವೂ ಆಯಿತು. ಹೋಗಿ ಅಕ್ಕನ ಎದುರಿಗೆ ಕುಳಿತರು. ರೂಢಿಬಲದಿಂದ ತಲೆ ಒಂದು ಪಕ್ಕಕ್ಕೆ ವಾಲತೊಡಗಿತು. ಅದನ್ನು ನೆಟ್ಟಗೆ ಮಾಡಿಕೊಂಡರು.

"ಎಷ್ಟು ಬೇಕಕ್ಕ?"

"ಒಂದು ಬಾಟ್ಲಿ ಸಾಕು. ಹಳೇ ಬಟ್ಟೆನೂ ಒಂದಷ್ಟು ಬೇಕು."

ನಾಳೆಯ ಬಸ್ಸಿನಲ್ಲಿ ನೀನೂ ಬಾ, ಇಬ್ಬರೂ ಸೇರಿ ಬಿಚ್ಚಿ ತೊಳೆಯೋಣ ಎಂದು ಹೇಳುವಷ್ಟರಲ್ಲಿ ಮೇಡಮ್ಮಿನ ದನಿ ಒಡೆಯಿತು.

"ಈಗ ನೀನು ಶುರು ಮಾಡ್ಬೇಡ," ಎಂದಳು ಅಕ್ಕ, ತನ್ನ ಸೆರಗಿನಿಂದ ತಂಗಿಯ ಕಣ್ಣೊರೆಸುತ್ತಾ. "ಬೆಳಿಗ್ಗೆ ಬೇಗ ಹೊರಡ್ಬೇಕು. ನೀನು ಎದ್ದು ಬರೋವರೆಗೂ ನಾನು ಕಾಫಿಗೆ ಕಾಯಲ್ಲ."

ಮೇಡಂ ಕೈಚೀಲದಲ್ಲಿ ತಡಕಾಡಿ ಬೀರುವಿನ ಬೀಗದಕೈ ತೆಗೆದು ಅಕ್ಕನ ಅಂಗೈಯಲ್ಲಿಟ್ಟರು.