ಐದು ಕಿಲೋ ಗೋಧಿಯ ಹಾಡು

ನಮ್ಮ ತಂಡದ ಏಕೈಕ ಧ್ವನಿಮುದ್ರಣವನ್ನು ಹಾಳು ಮಾಡಿದವನು ನಾನೇ. ಅದೂ ಅದನ್ನು ಶುದ್ಧಗೊಳಿಸುವ ಸದುದ್ದೇಶದಿಂದ.

ಆರು ವರ್ಷಗಳ ಹಿಂದೆ ನಾವು ಮೂವರು ಹಿಟ್ಟಿನ ಗಿರಣಿಗೆ ಅಂಟಿಕೊಂಡ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದೆವು. ಹಾಡು ಬರೆದು ಗಿಟಾರ್ ನುಡಿಸುವವನು ನಾನು. ಡ್ರಮ್ಮು ಬಾರಿಸುವವನು ಡಬ್ಬ. ಎಣ್ಣೆ ಡಬ್ಬದ ಮೇಲೆ ಬಾರಿಸಿ ಕಲಿತವನಾದ್ದರಿಂದ ಆ ಹೆಸರು. ಹಾಡುವವಳು ನನ್ನ ಚಿಕ್ಕಮ್ಮನ ಮಗಳು, ನಮ್ಮಿಬ್ಬರಿಗೂ ಅಕ್ಕ. ತಂಡ ಚದುರಿದ ಮೇಲೂ ನಾನು ಹನ್ನೊಂದು ಹಾಡು ಬರೆದೆ. ಹನ್ನೊಂದನ್ನೂ ಅಕ್ಕ ಒಂದೇ ಮಾತಿನಲ್ಲಿ ವಾಪಸು ಕೊಟ್ಟಳು: "ಚೆನ್ನಾಗಿದೆ ಕಣೋ, ಆದ್ರೆ ಆಗಿನ ಥರ ಇಲ್ಲ."

ಆಗಿನ ಥರ ಎಂದರೆ ಯಾವ ಥರ ಎಂದು ಪರಿಶೀಲಿಸಲು ಹಳೆಯ ಮುದ್ರಣವನ್ನು ಕಂಪ್ಯೂಟರಿಗೆ ಹಾಕಿ, ಅದರಡಿ ಸತತವಾಗಿದ್ದ ಗೊಂಯ್ ಸದ್ದನ್ನು ಪೂರ್ತಿ ತೆಗೆದೆ. ಅಚ್ಚುಕಟ್ಟಿನ ಅಭ್ಯಾಸದಂತೆ ಮೂಲ ಪ್ರತಿಯನ್ನು ಅಳಿಸಿಯೂ ಬಿಟ್ಟೆ.

ಉಳಿದದ್ದನ್ನು ಕೇಳಿಸಿಕೊಂಡ ಡಬ್ಬ, "ಯಾರೋ ಇವ್ರು?" ಎಂದ.

ಆ ಸದ್ದು ಗಿರಣಿಯ ಮೋಟಾರಿನದು. ಅಕ್ಕ ಶ್ರುತಿ ಹಿಡಿಯುತ್ತಿದ್ದುದು ಅದರಿಂದ. ನನ್ನ ಬೆರಳುಗಳ ಎಡವಟ್ಟನ್ನು ಮುಚ್ಚುತ್ತಿದ್ದುದೂ ಅದೇ. ಗೆಳೆತನ, ಹದಿಹರೆಯ ಎಂದೆಲ್ಲ ನಾನು ಆರು ವರ್ಷ ನೆನೆದು ಹನಿಗಣ್ಣಾಗಿದ್ದು ಹತ್ತು ಅಶ್ವಶಕ್ತಿಯ ಒಂದು ಮೋಟಾರಿಗಾಗಿ.

"ಹನ್ನೆರಡನೇದನ್ನ ಆ ಗಿರಣಿ ಕೋಣೇಲೇ ಹಾಡ್ತೀನಿ, ಒಂದೇ ಸಲ," ಎಂದಳು ಅಕ್ಕ. "ಸರಿ ಬರ್ಲಿಲ್ಲ ಅಂದ್ರೆ ಇನ್ಮೇಲೆ ನಂಗೆ ಹಾಡು ತೋರಿಸ್ಬೇಡ."

ಅವಳಿಗೆ ಭಾನುವಾರ ಮಾತ್ರ ಬಿಡುವು. ಭಾನುವಾರ ಗಿರಣಿಗೂ ರಜೆ. ಗಿರಣಿಯವರ ಬಳಿ ಹೋದೆ.

"ಆಗ ನಿಮ್ಮ ಗಲಾಟೆ ನಿಲ್ಲಿಸ್ರಪ್ಪಾ ಅಂತ ಗೋಡೆ ಗುದ್ದೀ ಗುದ್ದೀ ಕೈ ಬಾತ್ಕೊಂಡಿತ್ತು. ಈಗ ನನ್ನ ಗಲಾಟೆ ಬೇಕಾ?"

"ನಾಲ್ಕೇ ನಿಮಿಷ, ಯಜಮಾನ್ರೇ."

"ಖಾಲಿ ಓಡಿಸಿದ್ರೆ ಕಲ್ಲು ಸವೆಯುತ್ತೆ. ಕಾಳು ತಗೊಂಡ್ಬಾ."

ಕಿಲೋಗೆ ಐವತ್ತು ಸೆಕೆಂಡು ಎಂದರು. ಹಾಡು ನಾಲ್ಕು ನಿಮಿಷ ಹತ್ತು ಸೆಕೆಂಡು. ಸರಿಯಾಗಿ ಐದು ಕಿಲೋ. ಗೋಧಿಯನ್ನು ಹಸನು ಮಾಡಿ, ಎರಡು ದಿನ ಬಿಸಿಲಿನಲ್ಲಿ ಒಣಗಿಸಿ ಒಯ್ದೆ.

ಭಾನುವಾರ ಬೆಳಗ್ಗೆ ಗೊಂಯ್ ಎಂದಿತು ಗಿರಣಿ. ಅಕ್ಕ ಕಣ್ಣು ಮುಚ್ಚಿದಳು. ಮೊದಲ ಚರಣಕ್ಕೇ ಡಬ್ಬ ನನ್ನತ್ತ ನೋಡಿ ಹುಬ್ಬು ಹಾರಿಸಿದ: ಅದೇ, ಆಗಿನ ಥರವೇ. ಮೂರನೆಯ ಚರಣ ಮುಗಿಯುತ್ತಿದ್ದಂತೆ ಗೋಧಿಯೂ ಮುಗಿಯಿತು. ಮೋಟಾರು ನಿಂತಿತು. ಕೊನೆಯ ಚರಣ ಬಾಕಿಯಿತ್ತು. ನಮ್ಮಿಬ್ಬರ ಕೈಗಳು ತಾವಾಗಿಯೇ ನಿಂತವು. ಅಕ್ಕ ಮಾತ್ರ ನಿಲ್ಲಿಸಲಿಲ್ಲ.

"ಹಿಂಗೆ ಒಣಗಿಸಿದ್ರೆ ಬೇಗ ಹಿಟ್ಟಾಗ್ದೆ ಇನ್ನೇನು! ಓದಿದೋರಂತೆ," ಎಂದು ಗಿರಣಿಯವರು ಆಚೆಯಿಂದ ಗದರಿದರು.

ನನ್ನ ಫೋನಿನಲ್ಲಿ ಮುದ್ರಿಸಿಕೊಂಡಿದ್ದನ್ನು ಮೂವರೂ ತಲೆಗೆ ತಲೆ ತಾಗಿಸಿ ಕೇಳಿದೆವು. ಕೊನೆಯ ಚರಣದಲ್ಲಿ ಅಕ್ಕನ ಶ್ರುತಿ ಕೂದಲೆಳೆಯಷ್ಟು ಇಳಿದಿತ್ತು. ಗದರಿಕೆಯೂ ಸ್ಪಷ್ಟವಾಗಿ ದಾಖಲಾಗಿತ್ತು.

"ಇಷ್ಟೇ ತಾನೇ, ಇದನ್ನ ಸರಿಮಾಡ್ಬಹು—"

ಅಕ್ಕ ಫೋನು ಕಸಿದು ತನ್ನ ಚೀಲಕ್ಕೆ ಹಾಕಿಕೊಂಡಳು.

"ನೀನು ಮುಟ್ಟಿದ್ರೆ ಜೋಕೆ. ಹೋಗು, ಹದಿಮೂರನೇದು ಬರಿ," ಎಂದಳು. "ಗೋಧಿ ನಾನು ತರ್ತೀನಿ."