ಡಿಸ್‌ಪ್ಲೇ ಇಲ್ಲದ ಪೆಟ್ಟಿಗೆ

ನನಗೆ ಸಿಟ್ಟು ಬೇಗ ಬರುತ್ತದೆ, ಒಪ್ಪುತ್ತೇನೆ. ಆದರೆ ಆ ಡಿಸ್‌ಪ್ಲೇ ಕಂಡರೆ ಯಾರಿಗಾದರೂ ಮೈ ಉರಿಯಬೇಕು.

ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಅಮ್ಮ ಬಂಗಾರಮ್ಮ ಮರಳಿನ ಅಚ್ಚು ಮಾಡುತ್ತಾಳೆ. ಹೋದ ತಿಂಗಳು ಕಾದ ಕಬ್ಬಿಣ ಹುಯ್ಯುವಾಗ ಎದ್ದ ವಿಷಗಾಳಿಗೆ ಅಲ್ಲೇ ಕುಸಿದಿದ್ದಳು. ಕೆಲಸ ಬಿಡು ಎಂದರೆ ಕೇಳುವವಳಲ್ಲ. ಅದಕ್ಕೇ ನಾನೊಂದು ಪೆಟ್ಟಿಗೆ ಕಟ್ಟಿದೆ. ಗಾಳಿ ಕೆಟ್ಟರೆ ಅದು ಮಾಲೀಕರ ಫೋನಿಗೆ ಸುದ್ದಿ ಕಳಿಸಿ ಹಾರ್ನ್ ಕೂಗಿಸಬೇಕು.

ಅದರ ಚಿಪ್‌ಗೆ ಇರುವುದು ಎರಡೇ ಕೆಬಿ ಮೆಮೊರಿ. ಫೋನಿಗೆ ದಿನಾ ಬರುವ ಗುಡ್ ಮಾರ್ನಿಂಗ್ ಚಿತ್ರವೂ ಅದರಲ್ಲಿ ಹಿಡಿಸುವುದಿಲ್ಲ. ಮಾಲೀಕ ರಾಮಚಂದ್ರಪ್ಪನವರಿಗೆ ಅಂಥದ್ದರ ಮೇಲೆ ಡಿಸ್‌ಪ್ಲೇ ಬೇಕು, ಅದರಲ್ಲಿ ಕಂಪನಿಯ ಹೆಸರು ಮಿನುಗಬೇಕು.

"ಅದಕ್ಕೇ ಅರ್ಧ ಮೆಮೊರಿ ಹೋಗುತ್ತೆ ಸಾರ್," ಎಂದೆ.

"ಮಾಲು ಕೊಳ್ಳೋ ಪಾರ್ಟಿಗಳು ಬಂದು ನೋಡ್ತಾರಮ್ಮ. ಹೆಂಗಾದ್ರೂ ಅಡ್ಜಸ್ಟ್ ಮಾಡು."

ಮಾಡಿದೆ. ಕುಲುಮೆ ರಿಪೇರಿಯಲ್ಲಿದ್ದ ವಾರವೆಲ್ಲ ಹೆಸರು ಚೆಂದಾಗಿ ಮಿನುಗಿತು. ಮತ್ತೆ ಹುಯ್ಯುವ ಹಿಂದಿನ ದಿನ ಪೆಟ್ಟಿಗೆಯನ್ನು ಇದ್ದಿಲ ಒಲೆಯ ಪಕ್ಕ ಇಟ್ಟು ನೋಡಿದೆ. ಗಾಳಿ ಕೆಟ್ಟಿತು, ಪೆಟ್ಟಿಗೆ ಸುದ್ದಿ ಕಳಿಸಲು ಹೊರಟಿತು, ಮೆಮೊರಿ ಸಾಲದೆ ಅಲ್ಲೇ ಸ್ತಬ್ಧವಾಯಿತು. ಹಾರ್ನ್ ಇಲ್ಲ, ಸುದ್ದಿಯೂ ಇಲ್ಲ. ಡಿಸ್‌ಪ್ಲೇ ಮೇಲೆ ಕಂಪನಿಯ ಹೆಸರು ಮಾತ್ರ ಹಾಗೇ ನಿಂತಿತ್ತು. ಇದನ್ನು ನಂಬಿ ಅಮ್ಮ ನಾಳೆ ಒಳಗೆ ಕೂರುವವಳಿದ್ದಳು.

ಮಾಲೀಕರಿಗೆ ಹೇಳಿದೆ. "ಡಿಸ್‌ಪ್ಲೇ ಒಂದು ಮುಟ್ಬೇಡ," ಎಂದರು.

ಮನೆಗೆ ಬಂದು ಕೋಡ್ ಹಿಂಡಿದೆ. ಸಾಲುಸಾಲೇ ಕಿತ್ತೆ. ಆದರೂ ಜಾಗ ಸಾಲಲಿಲ್ಲ. ಮರುದಿನ ಮಾಲೀಕರು ವಿಮಾನ ಹಿಡಿಯಲು ಸೋಗಾನೆಗೆ ಹೊರಟ ಮೇಲೆ ಸ್ಕ್ರೂ ಬಿಚ್ಚಿ ಡಿಸ್‌ಪ್ಲೇಯನ್ನೇ ಕಿತ್ತೆ, ಅದರ ಕೋಡನ್ನೂ ಅಳಿಸಿದೆ. ಒಲೆಯ ಪಕ್ಕ ಇಟ್ಟರೆ ಹಾರ್ನ್ ಕಿವಿ ಹರಿಯುವಂತೆ ಕೂಗಿತು. ಪೆಟ್ಟಿಗೆಯನ್ನು ಅಮ್ಮನ ಪಕ್ಕದ ಕಂಬಕ್ಕೆ ಬಿಗಿದೆ.

"ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಡ ಸಮತಾ," ಎಂದಳು ಅಮ್ಮ.

"ಕೆಲಸ ಹೋದ್ರೆ ಹೋಗ್ಲಿ ಮಾರಾಯ್ತಿ. ಇದು ಕೂಗಿದ್ರೆ ನೀನು ಹೊರಗೆ ಬರ್ಬೇಕು, ಅಷ್ಟೇ."

ಮಧ್ಯಾಹ್ನ ಕಬ್ಬಿಣ ಹುಯ್ಯುತ್ತಿದ್ದಂತೆ ಹಾರ್ನ್ ಕೂಗಿತು. ಎಲ್ಲರೂ ಹೊರಗೆ ಓಡಿ ಬಂದರು, ಅಮ್ಮನೊಬ್ಬಳು ಇಲ್ಲ. ನಾನು ಒಳಗೆ ನುಗ್ಗಬೇಕು, ಅಷ್ಟರಲ್ಲಿ ಮರಳು ಮೆತ್ತಿದ ಕೈ ಬೀಸುತ್ತ ಬಂದಳು. ಅಚ್ಚು ಅರ್ಧಕ್ಕೆ ನಿಂತಿತೆಂದು ಬಾಯಿಗೆ ಬಂದಂತೆ ಬೈಯುತ್ತಿದ್ದಳು.

ಫೋನ್ ಹೊಡೆದುಕೊಂಡಿತು. ಸೋಗಾನೆಯಿಂದ ಮಾಲೀಕರು.

"ಗಾಳಿ ಕೆಟ್ಟಿದೆ ಅಂತ ಮೆಸೇಜ್ ಬಂತಲ್ಲಮ್ಮ. ಡಿಸ್‌ಪ್ಲೇ ಮೇಲೆ ಏನು ತೋರಿಸ್ತಿದೆ?"

"ಡಿಸ್‌ಪ್ಲೇ ಕಿತ್ತಾಕಿದೀನಿ ಸಾರ್," ಎಂದೆ. "ಅಮ್ಮ ಹೊರಗಿದಾಳೆ. ನನ್ನ ಬೈತಿದಾಳೆ, ಕೇಳ್ತಿದೆಯಾ?"