ಒಂದೇ ಅಳತೆಯ ಚೌಕಗಳು

ತಿಯಾಮಿಕೆ ಇನ್ನೂ ಜಿಲ್ಲಾ ಆರೋಗ್ಯ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದಳು, ಅಷ್ಟರಲ್ಲೇ ತಂಗಿ ಫೈನೆಸ್‌ಳ ಫೋನು ಬಂತು. ಫೈನೆಸ್ ಸರೋವರದ ದಂಡೆಯ ಜಿಯಾಲಾ ಆಸ್ಪತ್ರೆಯಲ್ಲಿ ನರ್ಸು. ಕಾಲರಾ ಶುರುವಾದಾಗಿನಿಂದ ಅವಳ ದನಿ ಕೂತುಹೋಗಿತ್ತು.

"ಅಕ್ಕಾ, ಹಾಸಿಗೆ ಎಲ್ಲ ಮುಗೀತು. ಒಂದೊಂದು ಚಾಪೆ ಮೇಲೆ ಇಬ್ಬಿಬ್ಬರನ್ನ ಮಲಗಿಸಿದೀವಿ. ಇವತ್ತು ಆ ಗಾಡಿ ನಮ್ಮ ಕಡೆ ಬರೋ ಹಾಗೆ ಮಾಡೇ."

"ನನ್ನ ಕೈಲಿ ಏನಿದೆಯೇ? ನಾನು ಬರೀ ಗೆರೆ ಎಳೆಯೋಳು," ಎಂದಳು ತಿಯಾಮಿಕೆ.

ಡೇರೆ, ಮಂಚ, ಸಲೈನು, ನರ್ಸುಗಳನ್ನು ಹೊತ್ತು ಹೋಗುವ ಗಾಡಿ ಇಡೀ ಜಿಲ್ಲೆಗೆ ಒಂದೇ ಒಂದು. ಅದು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವ ರೀತಿಯೂ ಒಂದು ಚೆಂದ. ಕರೆಂಟನ್ನು ನಂಬುವ ಹಾಗಿಲ್ಲವಾದ್ದರಿಂದ ತಿಯಾಮಿಕೆಯ ಕಂಪ್ಯೂಟರ್ ಬರೆದ ಹಾಳೆಗಳನ್ನು ಅಚ್ಚು ತೆಗೆದು ಗೋಡೆಗೆ ಅಂಟಿಸುತ್ತಿದ್ದರು. ಊರಿಗೊಂದು ಚೌಕ, ಚೌಕದೊಳಗೆ ರೋಗಿಗಳ ಲೆಕ್ಕ ತೋರಿಸುವ ಗೆರೆ. ಸಾಹೇಬರೆಲ್ಲ ಚಹಾ ಕುಡಿಯುತ್ತ, ಮಂದಾಸಿ ಎಂಬ ಕರಿದ ಹಿಟ್ಟಿನ ಉಂಡೆಗಳನ್ನು ಮೆಲ್ಲುತ್ತ ದೂರದಿಂದಲೇ ನೋಡುತ್ತಿದ್ದರು. ಕೊನೆಗೆ ಹಿರಿಯ ಅಧಿಕಾರಿ ಕಾಲುವಾ ಎದ್ದು ಹೋಗಿ, ಎಲ್ಲಕ್ಕಿಂತ ಎತ್ತರಕ್ಕೆ ಏರಿದ ಗೆರೆಯ ಮೇಲೆ ಅಂಗೈ ಇಡುತ್ತಿದ್ದರು. ಗಾಡಿ ಅಲ್ಲಿಗೆ. ಅಂಕಿ ಓದುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಇಷ್ಟು ಓದಿಕೊಂಡವರಿಗೆ ಅದೇನು ಸೋಮಾರಿತನವೋ!

ಅವತ್ತು ಜೊತೆಗೆ ಕೆಲಸ ಮಾಡುವ ಯಾಮಿಕಾನಿ ಹಾಳೆ ಅಂಟಿಸಿದ. ಹಿಂದಿನ ಸಾಲಿನಲ್ಲಿ ಕೂತು ತಲೆಯೆತ್ತಿದ ತಿಯಾಮಿಕೆಗೆ ತನ್ನ ತಪ್ಪು ಕಣ್ಣಿಗೆ ಬಿತ್ತು.

ಹಾಳೆಗೆ ನಾಲ್ಕು ಚೌಕ ಬರುವಂತೆ ಅವಳು ಪ್ರೋಗ್ರಾಂ ಬರೆದಿದ್ದಳು. ಹೋದ ವಾರದವರೆಗೂ ಎಲ್ಲ ಸರಿಯಾಗಿ ಕೂರುತ್ತಿತ್ತು. ರಸ್ತೆ ಕೊಚ್ಚಿಹೋಗಿ ಲೆಕ್ಕವನ್ನೇ ಕಳಿಸದಿದ್ದ ಒಂದು ಆಸ್ಪತ್ರೆ ಈ ವಾರ ಹೊಸದಾಗಿ ಸೇರಿತ್ತು. ಅದರ ಹೆಸರು 'ಸೇಂಟ್ ಅಗಾಥಾ ಮಿಷನ್ ಹೆರಿಗೆ ಮತ್ತು ಆರೋಗ್ಯ ಕೇಂದ್ರ'. ಅಷ್ಟುದ್ದದ ಹೆಸರು ಮೂರು ಸಾಲಾಗಿ ಮುರಿದು, ಕೆಳಗಿದ್ದ ತನ್ನದೇ ಚೌಕವನ್ನು ಅದುಮಿಬಿಟ್ಟಿತ್ತು. ಒಳಗಿನ ಗೆರೆ ಬಟ್ಟೆ ಒಣಹಾಕುವ ಹಗ್ಗದಂತೆ ತಣ್ಣಗೆ ಜೋತಿತ್ತು. ಈ ಆಸ್ಪತ್ರೆ ಬಂದು ಸೇರಿದ್ದರಿಂದ, ಇಂಗ್ಲಿಷ್ ಅಕ್ಷರಮಾಲೆಯ ತುದಿಯ 'Z'ನಿಂದ ಶುರುವಾಗುವ ಜಿಯಾಲಾ ಕೊನೆಯ ಹಾಳೆಗೆ ಒಂಟಿಯಾಗಿ ಜಾರಿತ್ತು. ಒಂಟಿಯಾದ್ದರಿಂದ ಅದರ ಚೌಕ ಹಾಳೆ ತುಂಬ ಹಿಗ್ಗಿ, ಗೆರೆ ಆಕಾಶಕ್ಕೆ ಏಣಿ ಹಾಕಿತ್ತು. ತಿಯಾಮಿಕೆ ಕಾಗದಕ್ಕೆ ಅಳತೆ ಕೊಟ್ಟಿದ್ದಳು, ಚೌಕಕ್ಕೆ ಕೊಡಲು ಮರೆತಿದ್ದಳು.

ಕಾಲುವಾ ಎದ್ದರು. ಅವರ ಅಂಗೈ ನೆಟ್ಟಗೆ ಜಿಯಾಲಾದ ಮೇಲೆ ಬಿತ್ತು.

"ಅಬ್ಬಬ್ಬಾ, ಇದನ್ನ ನೋಡ್ರಪ್ಪಾ! ಗಾಡಿ ಜಿಯಾಲಾಕ್ಕೆ."

"ನಿನ್ನ ತಂಗಿ ಅದೃಷ್ಟ ಕಣೇ," ಎಂದು ಪಿಸುಗುಟ್ಟಿ ಯಾಮಿಕಾನಿ ಫೋನು ಹಿಡಿದು ಹೊರಗೆ ಹೋದ.

ತಿಯಾಮಿಕೆ ಕೂತಲ್ಲೇ ಲೆಕ್ಕ ಹಾಕಿದಳು. ಅಂಕಿಗಳೇನೂ ಸುಳ್ಳಲ್ಲ. ಗೆರೆಯೂ ಸುಳ್ಳಲ್ಲ. ಸುಮ್ಮನೆ ಕೂತರೆ ಯಾರಿಗೂ ತಿಳಿಯುವುದಿಲ್ಲ, ಫೈನೆಸ್ ಇವತ್ತಾದರೂ ಒಂದಿಷ್ಟು ನಿದ್ದೆ ಮಾಡುತ್ತಾಳೆ. ಆದರೆ ಆ ಅದುಮಿದ ಚೌಕ ಅವಳ ಕಣ್ಣನ್ನು ಬಿಡಲಿಲ್ಲ. ಕಾಲುವಾ ಕಡತ ಮುಚ್ಚಿದ್ದೇ ಅವಳು ಎದ್ದು ನಿಂತಳು.

"ಅಬ್ವಾನಾ, ಸಾಹೇಬ್ರೇ, ತಪ್ಪಾಗಿದೆ. ಗಾಡಿ ಕಳಿಸಬೇಡಿ."

"ಏನಮ್ಮಾ? ಅಂಕಿ ತಪ್ಪಾ?"

"ಅಂಕಿ ಸರಿ ಇದೆ, ಚೌಕ ತಪ್ಪು. ಒಂದು ಹಿಗ್ಗಿದೆ, ಇನ್ನೊಂದು ಕುಗ್ಗಿದೆ. ದೊಡ್ಡ ಚೌಕದಲ್ಲಿ ಸಣ್ಣ ರೋಗಾನೂ ದೊಡ್ಡದಾಗಿ ಕಾಣುತ್ತೆ."

"ಜನ ಸಾಯ್ತಾ ಇದಾರೆ, ನೀನು ಚೌಕದ ಅಂದ ನೋಡ್ತಾ ಕೂತಿದೀಯಾ?" ಎಂದು ಯಾರೋ ನಕ್ಕರು. ಕಾಲುವಾ ನಗಲಿಲ್ಲ. "ಸರಿ ಮಾಡಿ ಬೇಗ ತಗೊಂಡು ಬಾ," ಎಂದರು.

ಅವಳು ಓಡಿದಳು. ಹಾಳೆಯ ಅಳತೆ ಅಳಿಸಿ ಪ್ರತಿ ಚೌಕಕ್ಕೂ ಒಂದೇ ಅಗಲ, ಒಂದೇ ಎತ್ತರ ಬರೆದಳು. ಹೆಸರು ಎಷ್ಟೇ ಉದ್ದವಿರಲಿ, ಹಾಳೆಯಲ್ಲಿ ಜಾಗ ಎಷ್ಟೇ ಉಳಿಯಲಿ, ಚೌಕ ಅಲುಗಬಾರದು. ಬೆರಳು ತಪ್ಪಿ ಎರಡು ಸಲ ಅಳಿಸಿ ಬರೆದಳು. ಪ್ರಿಂಟರ್ ಗೊರಗುಟ್ಟುತ್ತಿರುವಾಗ, ಕರೆಂಟು ಹೋಗಿಬಿಡಲಿ ದೇವರೇ ಎಂದು ಒಂದು ಗಳಿಗೆ ಬೇಡಿಕೊಂಡಳು. ದಿನಾ ಹೋಗುವ ಕರೆಂಟು ಅವತ್ತು ಹೋಗಲಿಲ್ಲ.

ಹೊಸ ಹಾಳೆಯಲ್ಲಿ ಸೇಂಟ್ ಅಗಾಥಾದ ಗೆರೆ ಚೌಕದ ಮೇಲಂಚು ಮುಟ್ಟಿತ್ತು. ಜಿಯಾಲಾದ್ದು ಅರ್ಧಕ್ಕೂ ಬಂದಿರಲಿಲ್ಲ, ಅದರ ಸುತ್ತ ಬರೀ ಬಿಳಿ ಕಾಗದ. ಕಾಲುವಾ ಎರಡನ್ನೂ ನೋಡಿ ಅಂಗೈಯನ್ನು ಸೇಂಟ್ ಅಗಾಥಾದ ಮೇಲಿಟ್ಟರು.

ಗಾಡಿ ಹೊರಟ ಮೇಲೆ ತಿಯಾಮಿಕೆಯೇ ಫೋನು ಮಾಡಿದಳು.

"ಎಲ್ಲಿಗೆ ಬಂತಕ್ಕಾ ಗಾಡಿ? ಸೇತುವೆ ದಾಟಿತಾ?"

"ಸೇಂಟ್ ಅಗಾಥಾಕ್ಕೆ ಹೋಯ್ತು ಕಣೇ. ಅಲ್ಲಿ ನಿಮಗಿಂತ ಎರಡರಷ್ಟು ಜನ ಮಲಗಿದಾರೆ. ಮೊದಲು ನಿಮಗೇ ಅಂದಿದ್ರು. ನಾನೇ ತಪ್ಪು ತೋರಿಸಿದೆ."

ಆ ಕಡೆ ಮಗುವೊಂದು ವಾಂತಿ ಮಾಡಿಕೊಳ್ಳುವ ಸದ್ದು.

"ಯಾಮಿಕಾನಿ ಆಗಲೇ ಫೋನ್ ಮಾಡಿದ್ದನಲ್ಲೇ, ಗಾಡಿ ಬರುತ್ತೆ ಅಂತ," ಎಂದಳು ಫೈನೆಸ್. "ನಾನು ಒಂದೊಂದು ಚಾಪೆ ಹತ್ರಾನೂ ಹೋಗಿ ಹೇಳಿಬಿಟ್ಟೆ. ಇಲ್ಲೊಬ್ಬಳು ತಾಯಿ ಆಗಿಂದ ಬಾಗಿಲನ್ನೇ ನೋಡ್ತಾ ಕೂತಿದಾಳೆ."

ತಿಯಾಮಿಕೆ ಕಿಟಕಿಯಾಚೆ ಗಾಡಿ ಹೋದ ದಾರಿಯತ್ತ ನೋಡಿದಳು.

"ನೀನು ಮಾಡಿದ್ದು ಸರಿ ಇರಬಹುದಕ್ಕಾ. ಆದ್ರೆ ಅವಳಿಗೆ ಹೇಳೋಕೆ ನನ್ನ ಕೈಲಾಗಲ್ಲ. ಫೋನ್ ಅವಳ ಕೈಗೆ ಕೊಡ್ತೀನಿ, ನೀನೇ ಹೇಳು."

ಫೋನು ಕೈಯಿಂದ ಕೈಗೆ ದಾಟುವ ಸದ್ದು ಕೇಳಿಸಿತು. ಆಮೇಲೆ ಗುರುತಿಲ್ಲದ ಹೆಂಗಸಿನ ದನಿ, ಆಸೆಯಿಂದ ಕೇಳಿತು: "ಹಲೋ, ಗಾಡಿಯವರಾ?"